ದೊರೆ ಹೊಡೆದ ಒಂದೇ ಗೋಲು

ಕಾಲುವೆ ತೋಡಿಸಲು ಬಂದಿದ್ದ ನಮ್ಮ ಬಿಳಿ ದೊರೆ ಇದ್ದ ಕಡೆ ಏನಾದರೊಂದು ಎಡವಟ್ಟು ಆಗದೆ ಹೊತ್ತು ಮುಳುಗುತ್ತಿರಲಿಲ್ಲ. ಬೆಟ್ಟದಾಚೆಯ ನದಿಗೆ ಅಣೆ ಕಟ್ಟಿ ನೀರನ್ನು ತಮಿಳು ಸೀಮೆಯಲ್ಲಿ ನಾವು ಕನ್ನಡದವರು ನೆಲೆಸಿದ್ದ ಕಂಬಂ ಕಣಿವೆಗೆ ತಿರುಗಿಸುತ್ತಿದ್ದ ಕಾಲ ಅದು. ದೊರೆಯ ಎತ್ತಿನ ಗಾಡಿ ಹೊಡೆಯುತ್ತಿದ್ದವನು ನಾನು. ಹಾಗಾಗಿ ಎಲ್ಲಕ್ಕೂ ನಾನೇ ಸಾಕ್ಷಿ.

ಒದೆಯುವ ಕೂಲಿ

ಇಂಗ್ಲೆಂಡಿನಲ್ಲಿ ತಮಗೆ ಚೆಂಡು ಒದೆಯುವುದೇ ಉದ್ಯೋಗವಾಗಿತ್ತು, ಅದಕ್ಕೆ ವಾರವಾರ ಕೂಲಿ ಬರುತ್ತಿತ್ತು, ಮೊಣಕಾಲು ಕೆಟ್ಟ ಮೇಲೆ ಹಡಗು ಹತ್ತಬೇಕಾಯಿತು ಎಂದು ದೊರೆ ಹರಕು ತಮಿಳಿನಲ್ಲಿ ಹೇಳಿದರು. ಕಾಲುವೆ ಮೇಸ್ತ್ರಿಯಾಗಿದ್ದ ನಮ್ಮ ಮಾವ ನಂಬಲಿಲ್ಲ. ಎರಡು ಕಂಬದ ನಡುವೆ ಚೆಂಡು ತೂರಿಸಿದರೆ ಗೋಲು ಎಂದು ತಿಳಿದುಕೊಂಡು, ನೀವು ಎಷ್ಟು ಹೊಡೆದಿರಿ ಎಂದು ಕೇಳಿದರು.

ದೊರೆಯ ಮುಖ ಸಪ್ಪಗಾಯಿತು. ತಮ್ಮನ್ನು ಯಾವಾಗಲೂ ಹಿಂದೆ ಕಾವಲಿಗೆ ನಿಲ್ಲಿಸುತ್ತಿದ್ದರಂತೆ, ಒಂದೂ ಹೊಡೆದಿಲ್ಲವಂತೆ. "ಈ ಕಾಲು ಪೂರ್ತಿ ಹೋಗೋದರೊಳಗೆ ಒಂದು ಹೊಡೆದೇ ಹೊಡೀತೀನಿ" ಅಂದರು. ಮಾವ ನನ್ನ ಕಿವಿಯಲ್ಲಿ, ಒದೆಯೋದಕ್ಕೆ ಕೂಲಿ ಸಿಗೋ ಹಂಗಿದ್ದರೆ ನಮ್ಮ ಅಗಸರ ಕತ್ತೆ ಇಷ್ಟು ಹೊತ್ತಿಗೆ ಜಮೀನ್ದಾರ ಆಗಿರೋದು ಅಂದರು.

ತಲೆಗೆ ತೊಗಲು

ದೊರೆ ದಿಂಡಿಗಲ್ಲಿನಲ್ಲಿ ತೊಗಲಿನ ಚೆಂಡು ಹೊಲಿಸಿ ತಂದು, ಕಾಲುವೆ ಕೆಲಸದ ನಮ್ಮನ್ನೇ ಸೇರಿಸಿ ತಂಡ ಕಟ್ಟಿದರು. ಯಾವ ತೊಗಲು ಅಂತ ನಾವು ಕೇಳಲಿಲ್ಲ. ಕೇಳಿದ್ದರೆ ಆಟವೇ ನಡೆಯುತ್ತಿರಲಿಲ್ಲ.

ಎತ್ತರದಲ್ಲಿ ಬಂದ ಚೆಂಡನ್ನು ತಲೆಯಿಂದ ಹೊಡೆಯಬೇಕು ಅಂದರು. ನಾನು ಹೊಡೆದು ಮನೆಗೆ ಹೋದರೆ, ಹಿತ್ತಿಲಿಂದ ನೋಡಿದ್ದ ಅವ್ವ ಬಾಗಿಲಲ್ಲೇ ತಡೆದಳು. "ಚಪ್ಪಲಿ ತಲೆಮೇಲೆ ಇಕ್ಕೊಂಡು ಬಂದಂಗಾಯ್ತಲ್ಲೋ. ಬಾವಿ ಹತ್ರ ಹೋಗು, ತಲೆಗೆ ನೀರು ಹುಯ್ಕೋ."

ಹಿಂದೆಯೇ ಮಜ್ಜಿಗೆಗೆಂದು ಬಂದ ದೊರೆಗೂ ಅದೇ ಅಪ್ಪಣೆಯಾಯಿತು. ನಮ್ಮ ದೇಶದಲ್ಲಿ ಇದಕ್ಕೆ ಚಪ್ಪಾಳೆ ತಟ್ಟುತ್ತಾರೆ, ನಾನಂತೂ ಸ್ನಾನ ಮಾಡುವುದಿಲ್ಲ ಎಂದು ಅವರು ಹಟ ಹಿಡಿದರು. ಹಾಗಾದರೆ ಮಜ್ಜಿಗೆಯಿಲ್ಲ ಎಂದು ಅವ್ವನೂ ಹಟ ಹಿಡಿದಳು. ದೊರೆ ಬಾಯಾರಿಕೊಂಡೇ ಬಂಗಲೆಗೆ ಹೋದರು. ಮಾರನೆಯ ದಿನದಿಂದ ಚೆಂಡು ಮೇಲೆ ಬಂತೆಂದರೆ ನಮ್ಮ ತಂಡ ಪೂರಾ ಒಟ್ಟಿಗೆ ಕುಕ್ಕರಗಾಲಲ್ಲಿ ಕೂರುತ್ತಿತ್ತು.

ಕಣ್ಣಿಗೊತ್ತಿಕೊಳ್ಳುವ ಆಟ

ಇನ್ನೊಬ್ಬರಿಗೆ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ನಮಗೆ ಹೆಜ್ಜೆ ಏಳುವುದಿಲ್ಲ. ಆ ಆಟದಲ್ಲಿ ಕಾಲು ತಾಗುವುದೇ ಕಸುಬು. ಒಬ್ಬ ಬಗ್ಗಿ ಮುಟ್ಟುವಾಗ ಇನ್ನೊಬ್ಬ, ಪರವಾಗಿಲ್ಲ ಅಣ್ಣಾ ಎಂದು ತಾನೂ ಬಗ್ಗುವನು. ಇಬ್ಬರ ತಲೆಯೂ ಡಿಕ್ಕಿ. ದೊರೆ ಬೈದರು, ಬೇಡಿದರು, ಕೊನೆಗೆ ಹೇಗೆ ಬಗ್ಗದೆ ಓಡಬೇಕೆಂದು ತೋರಿಸಲು ಬೇಕೆಂದೇ ಮಾವನಿಗೆ ಕಾಲು ತಾಗಿಸಿ ಓಡಿದರು. ಮಾವ ಎರಡು ದಿನ ಮಾತು ಬಿಟ್ಟರು. ಮೇಸ್ತ್ರಿ ಮಾತು ಬಿಟ್ಟರೆ ಮಣ್ಣು ಹೊರುವವರೂ ಬುಟ್ಟಿ ಇಳಿಸುತ್ತಾರೆ. ಮೂರನೆಯ ದಿನ ದೊರೆ ತಾವೇ ಬಗ್ಗಿ ಮಾವನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಲ್ಲಿಂದ ಅವರಿಗೂ ಅದು ಅಂಟಿಕೊಂಡಿತು. ಎತ್ತಿಗೆ ಬೂಟು ತಾಗಿದರೂ ಕೈ ಕಣ್ಣಿಗೆ ಹೋಗುತ್ತಿತ್ತು.

ಆ ಒಂದು ಗೋಲು

ದಿಂಡಿಗಲ್ಲಿನ ರೈಲ್ವೆ ದೊರೆಗಳು ಬೆಟ್ಟಕ್ಕೆ ಬೇಟೆಗೆ ಬಂದವರು ಪಂದ್ಯಕ್ಕೂ ಒಪ್ಪಿದರು. ನಮ್ಮ ಮನೆಯ ಹಿಂದಿನ ಕೊಯ್ದ ಗದ್ದೆಯಲ್ಲಿ ಆಟ. ದೊರೆಯ ಮೊಣಕಾಲು ಆಗಲೇ ಕುಂಬಳಕಾಯಿಯಾಗಿತ್ತು. ಇದೇ ನನ್ನ ಕೊನೆ ಆಟ ಎಂದರು. ಅವತ್ತು ಅವರು ಹಿಂದೆ ಕಾವಲು ನಿಲ್ಲಲಿಲ್ಲ, ಎಲ್ಲರಿಗಿಂತ ಮುಂದೆ ನಿಂತರು.

ಕತ್ತಲಾಗುವ ಹೊತ್ತಿಗೆ ಚೆಂಡು ಅವರಿಗೇ ಸಿಕ್ಕಿತು. ಕುಂಟುತ್ತ ಓಡಿದರು. ಎದುರಿಗೆ ಗೋಲು ಕಾಯುವ ದಪ್ಪ ದೊರೆಯೊಬ್ಬನೇ. ಇಬ್ಬರೂ ಒಟ್ಟಿಗೆ ಒದ್ದರು. ಚೆಂಡು ನೆಟ್ಟಗೆ ಆಕಾಶಕ್ಕೆ ಹೋಯಿತು, ನಮ್ಮ ದೊರೆಯ ಬೂಟು ಆ ದಪ್ಪನ ಕಾಲಿಗೆ ಬಡಿಯಿತು. ನಮ್ಮ ದೊರೆ ತಟ್ಟನೆ ಬಗ್ಗಿ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಬಿಳಿಯನ ಕಾಲಿಗೆ ಬಿಳಿಯನೇ ಬಿದ್ದದ್ದನ್ನು ಕಂಡು ಆ ದಪ್ಪ ದೊರೆ ಬಾಯಿ ಬಿಟ್ಟುಕೊಂಡು ನಿಂತ. ಅಷ್ಟರಲ್ಲಿ ಮೇಲಿಂದ ಇಳಿದ ಚೆಂಡು ನಮ್ಮ ದೊರೆಯ ಬಗ್ಗಿದ ತಲೆಗೆ ಬಡಿದು, ಪುಟಿದು, ಎರಡು ಕಂಬದ ನಡುವೆ ಉರುಳಿಹೋಯಿತು.

ನಾವು ಕುಣಿದೆವು. ಮಾವ ಅತ್ತೇಬಿಟ್ಟರು. ಹೊತ್ತುಕೊಂಡು ಮೆರೆಸೋಣವೆಂದು ತಿರುಗಿದರೆ ದೊರೆ ಅಲ್ಲಿರಲಿಲ್ಲ. ನಮ್ಮ ಬಾವಿಕಟ್ಟೆಯ ಮೇಲೆ ಬೂಟು ಸಮೇತ ಕೂತು, ಕೊಡ ಕೊಡ ನೀರು ತಲೆಗೆ ಸುರಿದುಕೊಳ್ಳುತ್ತ, "ಅವ್ವಾ, ಮಜ್ಜಿಗೆ ತಾ" ಎಂದು ಕೂಗುತ್ತಿದ್ದರು.