ನಮ್ಮ ಅತ್ತೆಯನ್ನು ‘ಊಟ ಆತೇನ್ರಿ’ ಅಂತ ಕೇಳಬಾರದು

ಮನೆಯಲ್ಲಿ ಮರೆವಿನ ಹಿರಿಯರೊಬ್ಬರಿದ್ದರೆ ದಿನಕ್ಕೊಂದು ಪ್ರಸಂಗ ತಾನಾಗಿ ನಡೆಯುತ್ತದೆ, ನಾವು ಹುಡುಕಿಕೊಂಡು ಹೋಗಬೇಕಿಲ್ಲ. ಇದು ಎಂಬತ್ತರ ದಶಕದ ಮಾತು. ಅಣ್ಣಿಗೇರಿಯ ನಮ್ಮ ಓಣಿಗೆ ಟೀವಿ ಇನ್ನೂ ಬಂದಿರಲಿಲ್ಲ. ಅದರ ಕೊರತೆಯನ್ನು ನಮ್ಮ ಅತ್ತೆ ತುಂಬಿದರು.

ತಾಟಿನ ಲೆಕ್ಕ

ನಮ್ಮ ಕಡೆ ಕಟ್ಟೆಯ ಮೇಲೆ ಕುಂತವರನ್ನು ಕಂಡರೆ “ಊಟ ಆತೇನ್ರಿ?” ಅನ್ನಲೇಬೇಕು. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಅದು ಬರೀ ನಮಸ್ಕಾರ. ಆದರೆ ಅತ್ತೆ ಉತ್ತರ ಕೊಡುತ್ತಿದ್ದರು. ತುಟಿಗೆ ಹತ್ತಿದ ಶೇಂಗಾ ಚಟ್ನಿ ಒರೆಸಿಕೊಳ್ಳುತ್ತಲೇ, “ಎಲ್ಲೀ ಊಟ ತಂಗಿ, ನಮ್ಮ ಮನ್ಯಾಗ ನಿನ್ನಿಯಿಂದ ಒಲಿ ಹೊತ್ತಿಲ್ಲ” ಅನ್ನುತ್ತಿದ್ದರು.

ಎದುರುಮನೆ ಕಾಕು ಸೆರಗಿನಲ್ಲಿ ಮುಚ್ಚಿಕೊಂಡು ರೊಟ್ಟಿ-ಪಲ್ಯ ತಂದುಕೊಟ್ಟಳು. ಅವಳನ್ನು ನೋಡಿ ಬಾಜೂ ಮನೆಯವರು, ಅವರನ್ನು ನೋಡಿ ಆಚೆ ಮನೆಯವರು. ಬಂದ ತಾಟನ್ನು ಖಾಲಿ ತಿರುಗಿಸಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಹಾಗಾಗಿ ಪ್ರತಿ ತಾಟಿಗೂ ನಾನು ರೊಟ್ಟಿ ಇಟ್ಟು ಕಳಿಸುತ್ತಿದ್ದೆ. ಅತ್ತೆಯನ್ನು ಉಪವಾಸ ಕೆಡವಿದ ಸೊಸೆ ಅಂತ ಹೆಸರು ಪಡೆದು, ಅರ್ಧ ಓಣಿಗೆ ರೊಟ್ಟಿ ಬಡಿದವಳು ನಾನೊಬ್ಬಳೇ ಇರಬೇಕು.

ಸುದ್ದಿ ನನ್ನ ತವರು ತಿರ್ಲಾಪುರಕ್ಕೂ ಮುಟ್ಟಿತು. ನನ್ನವ್ವ ಬಸ್ಸಿಳಿದು ಬಂದು, ನೀರು ಸಹ ಕುಡಿಯದೆ, “ಹೌದೇನ ಬೇ?” ಅಂತ ಕೇಳಿದಾಗ ಮಾತ್ರ ನನಗೆ ನಗು ಬರಲಿಲ್ಲ. ಒಲೆಯ ಮುಂದೆ ಕುಂತು ಅತ್ತುಬಿಟ್ಟೆ.

ಔಷಧ

ಅರವತ್ತಕ್ಕೆ ಅರಳು ಮರಳು ಅಂದರು ಕೆಲವರು. ಗಾಳಿ ಸೋಕಿದೆ ಅಂತ ಒಬ್ಬರು ತಾಯಿತ ಕಟ್ಟಿದರು. ಅತ್ತೆ ಅದನ್ನು ಬಿಚ್ಚಿ, “ಪಾಪ, ದೃಷ್ಟಿ ಆದೀತು” ಅಂತ ಕಾಕುವಿನ ಎಮ್ಮೆಯ ಕರುವಿಗೆ ಕಟ್ಟಿ ಬಂದರು.

ಕಡೆಗೆ ನನ್ನ ಗಂಡ ಹುಬ್ಬಳ್ಳಿಯ ಡಾಕ್ಟರರಿಗೆ ತೋರಿಸಿದರು. “ಇದು ಮಿದುಳಿನ ಜಡ್ಡ್ರಿ. ಉಂಡದ್ದು ಹೊಟ್ಟಿಗೆ ಗೊತ್ತು, ತಲಿಗೆ ನೆನಪಿಲ್ಲ. ಅವರೂ ಸುಳ್ಳು ಹೇಳಾಕತ್ತಿಲ್ಲ, ನಿಮ್ಮ ಮನಿಯವರೂ ಹೇಳಾಕತ್ತಿಲ್ಲ” ಅಂದರಂತೆ. ಗಂಡ ಅದನ್ನು ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಹೇಳಿದರು.

“ಮರೆಯೋದಕ್ಕೂ ಡಾಕ್ಟರ್ ಇರತಾರೇನ್ರಿ?” ಅಂದಳು ಬಾಜೂ ಮನೆಯಾಕೆ. “ಹಂಗಾದ್ರ ನಮ್ಮನಿಯವರ್ನೂ ಕರಕೊಂಡ ಹೋಗ್ರಿ. ಸಂತಿಗೆ ಎಣ್ಣಿ ತರಾಕ ಹೋಗಿ ಬರೀ ಡಬ್ಬಿ ಹಿಡಕೊಂಡ ಬರತಾರ.”

ಎಲ್ಲರೂ ನಕ್ಕರು, ಕಾಕು ನಗಲಿಲ್ಲ. “ಡಾಕ್ಟರ್ ಏನರ ಹೇಳ್ಲಿ. ಅಜ್ಜಿ ಹುಟ್ಟಿದಾಗಿಂದ ಒಂದ ಸುಳ್ಳ ಹೇಳಿದಾಕಿ ಅಲ್ಲ” ಅಂತ ನನ್ನ ಕಡೆ ನೋಡಿದಳು.

ತವರಿನ ದಾರಿ

ಅತ್ತೆಗೆ ಆಗಾಗ ತವರು ನೆನಪಾಗುತ್ತಿತ್ತು. ಗಂಟು ಕಟ್ಟಿಕೊಂಡು ಸ್ಟೇಶನ್ನಿಗೆ ನಡೆದುಬಿಡುತ್ತಿದ್ದರು. ಅವರ ತವರು ಕಲಘಟಗಿ ಕಡೆಯ ಮಿಶ್ರಿಕೋಟಿ, ಅಲ್ಲಿಗೆ ರೈಲೇ ಇಲ್ಲ. ಸ್ಟೇಶನ್ನಿನ ಹೊರಗೆ ನಿಲ್ಲುವ ಟಾಂಗಾದ ಕಾಕಾನಿಗೆ ನಾವು ಜಡ್ಡಿನ ವಿಷಯ ಹೇಳಿಟ್ಟಿದ್ದೆವು. ಅವನು ವಾದ ಮಾಡುತ್ತಿರಲಿಲ್ಲ. “ಬರ್ರಿ ಅವ್ವಾರ, ಮಿಶ್ರಿಕೋಟಿಗೆ ಹೋಗೂಣು” ಅಂತ ಹತ್ತಿಸಿಕೊಂಡು, ಊರು ಸುತ್ತಾಡಿಸಿ ನಮ್ಮ ಬಾಗಿಲಿಗೇ ತಂದು ಇಳಿಸುತ್ತಿದ್ದ.

ಅತ್ತೆ ಒಳಗೆ ಬಂದು, ಗೋಡೆ ಸವರಿ, ಸಂತೋಷದಿಂದ ಹೇಳುತ್ತಿದ್ದರು: “ನಮ್ಮಣ್ಣ ಮನಿ ಅಗದಿ ನನ್ನ ಮನಿ ಹಂಗ ಕಟ್ಟಿಸ್ಯಾನ ನೋಡು!”

ಹೊಸ ಸಂಬಂಧ

ಬರಬರುತ್ತ ಅತ್ತೆಗೆ ನನ್ನ ಗುರುತು ಹತ್ತದಾಯಿತು. ಒಂದು ಮಧ್ಯಾಹ್ನ ಅವರ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದೆ. ಕಾಕು ಬಂದು ಅಲ್ಲೇ ಶೇಂಗಾ ಸುಲಿಯುತ್ತ ಕುಂತಿದ್ದಳು. ನನ್ನ ಗಂಡ ಆಗಷ್ಟೇ ಊಟಕ್ಕೆ ಬಂದಿದ್ದರು.

“ನೀ ಯಾವೂರಾಕಿ ಬೇ?” ಅಂದರು ಅತ್ತೆ.

“ತಿರ್ಲಾಪುರದಾಕಿರಿ.”

“ಕೈ ಭಾಳ ಮೆತ್ತಗ ಅದಾವ ನಿನ್ನವು.” ಆಮೇಲೆ ಮಗನ ಕಡೆ ತಿರುಗಿ, “ಲೇ, ಈ ಹುಡುಗಿನ್ನ ಮದಿವಿ ಮಾಡಕೋ” ಅಂದರು.

ಗಂಡ ನಗು ತಡೆದುಕೊಂಡು, “ಮನ್ಯಾಗ ಒಬ್ಬಾಕಿ ಅದಾಳಲ್ಲವ್ವಾ?” ಅಂದರು.

ಕಾಕುವಿಗೆ ಇಷ್ಟೇ ಸಾಕಾಯಿತು. “ಹೌದ್ರಿ ಅಜ್ಜಿ, ಇದ್ದ ಸೊಸಿನ್ನ ಏನ್ ಮಾಡೂಣು? ಊಟಕ್ಕ ಹಾಕಂಗಿಲ್ಲ ಅಂತಿದ್ರಲ್ಲಾ, ತವರಿಗೆ ಕಳಿಸಿಬಿಡೂಣೇನು?”

ಬಾಚಣಿಗೆ ಅವರ ಕೂದಲಲ್ಲೇ ನಿಂತಿತು. ಹುಚ್ಚಿ ನಾನು, ನೆನಪಿಲ್ಲದವರ ತೀರ್ಪಿಗೆ ಉಸಿರು ಹಿಡಿದು ಕುಂತಿದ್ದೆ.

ಅತ್ತೆ ಕಾಕುವನ್ನು ಸಿಟ್ಟಿನಿಂದ ನೋಡಿದರು. “ಹೆಂಗ ಕಳಸ್ತಿ ಬೇ? ಆಕಿ ಹೋದ್ರ ನನಗ ದಿನಾ ಬಿಸಿ ರೊಟ್ಟಿ ಯಾರ ಹಾಕತಾರ? ಆಕಿ ಹಂಗ ತೆಳ್ಳಗ ಬಡಿಯಾಕ ಈ ಓಣ್ಯಾಗ ಯಾರಿಗೂ ಬರಂಗಿಲ್ಲ. ನಿನಗಂತೂ ಬರಂಗೇ ಇಲ್ಲ.”

ಕಾಕು ಸುಲಿದ ಕಾಳನ್ನು ಸಿಪ್ಪೆಯ ಬುಟ್ಟಿಗೆ ಹಾಕಿ, ಸಿಪ್ಪೆ ಬಾಯಿಗೆ ಹಾಕಿಕೊಂಡಳು. ನಾನು ಅತ್ತೆಯ ಬೆನ್ನಿಗೆ ಹಣೆ ಹಚ್ಚಿ ಅಳಲಿಕ್ಕೆ ಹತ್ತಿದೆ.

ಅತ್ತೆ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. “ಅಳಬ್ಯಾಡ ನನ್ನವ್ವಾ. ನನ್ನ ಸೊಸಿ ಛಲೋ ಅದಾಳ, ನಿನ್ನ ಜೋಡಿ ಜಗಳಾ ಮಾಡಂಗಿಲ್ಲ. ಬೇಕಾದ್ರ ಇನ್ನೊಂದ ಒಲಿ ಹೂಡೂಣು.”