ಆರು ಬಾಟಲಿ, ಒಂದು ಕುರ್ಚಿ

ನಾನು ಬಿಯರ್ ಕುಡಿಯುವುದಿಲ್ಲ. ಬಿಯರ್ ರುಚಿ ನೋಡುತ್ತೇನೆ. ಇವೆರಡಕ್ಕೂ ಇರುವ ವ್ಯತ್ಯಾಸ ನನ್ನ ಹೆಂಡತಿಗೆ ಹನ್ನೊಂದು ವರ್ಷಗಳಿಂದ ಅರ್ಥವಾಗಿಲ್ಲ. ನಿಮಗೆ ಆಗುತ್ತದೆಂಬ ಭರವಸೆ ನನಗಿದೆ. ಕುಡಿಯುವವನು ಗ್ಲಾಸು ಎತ್ತಿ, ಗಟಗಟನೆ ಇಳಿಸಿ, ಬಾಯೊರೆಸಿಕೊಳ್ಳುತ್ತಾನೆ. ರುಚಿ ನೋಡುವವನು ಮೊದಲು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. ಆಮೇಲೆ ಅದರೊಳಗೆ ಮೂಗು ಇಳಿಬಿಡುತ್ತಾನೆ. ಆಮೇಲೆ ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಾಡಿಸಿ, ಕಣ್ಣು ಮುಚ್ಚಿ, ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯುತ್ತಾನೆ. ಅದಾದ ಮೇಲೆಯೇ ಗಟಗಟನೆ ಇಳಿಸಿ ಬಾಯೊರೆಸಿಕೊಳ್ಳುತ್ತಾನೆ.

ನನ್ನ ಉದ್ಯೋಗ ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವುದು. ನೀವು ಸಲೀಸಾಗಿ ಬಿಳಿ ಎಂದುಬಿಡುವ ಕಡೆ ನನಗೆ ಹದಿನೇಳು ಬಿಳಿಗಳು ಕಾಣುತ್ತವೆ. ಕಣ್ಣಿಗೆ ಇಷ್ಟು ಧಾರಾಳವಾಗಿ ಕೊಟ್ಟ ದೇವರು ನಾಲಿಗೆಯ ವಿಷಯದಲ್ಲಿ ಜಿಪುಣತನ ಮಾಡಿರಲಾರ ಎಂಬುದು ನನ್ನ ವಾದ. ರುಚಿಗೆ ತಿಂಗಳ ಯೋಜನೆಯೂ ಉಂಟು, ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದ್ದೇನೆ. ಒಂದು ತಿಂಗಳು ಕಪ್ಪು ಬಿಯರು, ಒಂದು ತಿಂಗಳು ಹುಳಿ, ಒಂದು ತಿಂಗಳು ಕಹಿ. ವಾರಕ್ಕೆ ಒಂದೇ ಬಾಟಲಿ, ಅದೂ ಶನಿವಾರ ಸಂಜೆ. ಪ್ರತಿ ಬಾಟಲಿಯ ಲೇಬಲ್ಲನ್ನು ನೀರಿನಲ್ಲಿ ನೆನೆಸಿ, ಹರಿಯದಂತೆ ಬಿಡಿಸಿ, ಒಣಗಿಸಿ, ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಷರಾ ಬರೆಯಬೇಕು. ಲೇಬಲ್ಲಿಲ್ಲದ ಷರಾ ನನ್ನ ಮಟ್ಟಿಗೆ ಬರೀ ಗಾಳಿಮಾತು.

ಹೀಗಿರುವಾಗ ನಮ್ಮ ಬಡಾವಣೆಯ ತುದಿಯ ಪುಟ್ಟ ಬ್ರೂವರಿಯಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಅಲ್ಲಿ ರುಚಿ ನೋಡುವ ಸಮಿತಿ ಅಂತ ಒಂದಿದೆ. ಐದು ಜನ ತಿಂಗಳಿಗೊಮ್ಮೆ ಕೂತು, ಮುಂದಿನ ತಿಂಗಳು ಯಾವ ಬಿಯರು ಜನರ ಗ್ಲಾಸಿಗೆ ಬರಬೇಕೆಂದು ತೀರ್ಮಾನಿಸುತ್ತಾರೆ. ಅವರಲ್ಲೊಬ್ಬರಿಗೆ ವರ್ಗವಾಗಿತ್ತು. ಆ ಕುರ್ಚಿ ನನಗೆ ಬೇಕಿತ್ತು. ನಿದ್ದೆಯಲ್ಲೂ ಬೇಕಿತ್ತು. ಅಂಗಡಿಗೆ ಬರುವವರೆಲ್ಲ ನನ್ನ ಹದಿನೇಳು ಬಿಳಿಗಳನ್ನೂ ನೋಡಿ, ತಲೆದೂಗಿ, ಕೊನೆಗೆ “ಮನೇಲಿ ಕೇಳಿ ಹೇಳ್ತೀನಿ” ಎಂದು ಹೊರಟುಹೋಗುತ್ತಾರೆ. ನನ್ನ ಮಾತೇ ಕೊನೆಯ ಮಾತಾಗುವಂಥ ಒಂದು ಜಾಗ ಈ ಭೂಮಿಯ ಮೇಲೆ ಎಲ್ಲಾದರೂ ಇರಲಿ ಎಂದು ನನಗೆ ಬಹಳ ದಿನಗಳ ಆಸೆ.

ಬ್ರೂವರಿಯ ಯಜಮಾನರು ನನ್ನ ಅರ್ಜಿ ನೋಡಿ ಆರು ಬಗೆಯ ಬಿಯರು ಕಳಿಸಿಕೊಟ್ಟರು. ಆರೂ ಒಂದೇ ಅಳತೆಯ ಕಂದು ಬಾಟಲಿಗಳು, ತಂತಿ ಹಾಕಿ ಬಿಗಿಯುವ ಮುಚ್ಚಳ, ಬೇರೆಯಿದ್ದದ್ದು ಲೇಬಲ್ ಮಾತ್ರ. ಶನಿವಾರ ನಾಲ್ಕಕ್ಕೆ ಮನೆಗೇ ಬರುತ್ತೇನೆ, ಒಟ್ಟಿಗೆ ಕೂತು ರುಚಿ ನೋಡೋಣ, ಅಲ್ಲಿಯವರೆಗೆ ತೆರೆಯಬೇಡಿ ಎಂದಿದ್ದರು. ನಾನು ಫ್ರಿಜ್ಜಿನ ಕೆಳಗಿನ ಅಂತಸ್ತನ್ನು ಬಾಟಲಿಗಳಿಗೆ ಬಿಟ್ಟುಕೊಟ್ಟೆ. ಮೇಲಿನದು ಹೆಂಡತಿಯ ತರಕಾರಿಯದು, ನಡುವಿನದು ನಮ್ಮ ಜೊತೆಗೇ ಇರುವ ಅತ್ತೆಯವರದು. ಅವರ ಕಿಡ್ನಿಯಲ್ಲಿ ಕಲ್ಲಾಗಿ, ಬಾರ್ಲಿ ಬೇಯಿಸಿದ ನೀರನ್ನು ದಿನವಿಡೀ ಕುಡಿಯಬೇಕೆಂದು ಡಾಕ್ಟರು ಹೇಳಿದ್ದಾರೆ. ದೊಡ್ಡ ಪಾತ್ರೆಯಲ್ಲಿ ಕುದಿಸಿ, ಸೋಸಿ, ಕೈಗೆ ಸಿಕ್ಕಿದ ಪಾತ್ರೆ ಪಡಗಗಳಲ್ಲೆಲ್ಲ ತುಂಬಿಡುತ್ತಾರೆ.

ಶನಿವಾರ ಬೆಳಿಗ್ಗೆ ನನಗೊಂದು ಮಹಾ ಯೋಚನೆ ಹೊಳೆಯಿತು. ಲೇಬಲ್ಲುಗಳನ್ನು ಈಗಲೇ ಸ್ವಲ್ಪ ಸಡಿಲ ಮಾಡಿಟ್ಟರೆ, ರುಚಿ ಹೇಳುತ್ತಾ ಹೇಳುತ್ತಾ ಯಜಮಾನರ ಕಣ್ಣೆದುರಿಗೇ ಒಂದೊಂದನ್ನೂ ನಾಜೂಕಾಗಿ ಬಿಡಿಸಿ ಅಂಟಿಸಬಹುದು. ಅವರು ಬೆರಗಾಗಬೇಕು! ಕೆಳಗಿನ ಅಂತಸ್ತಿನ ಆರೂ ಬಾಟಲಿಗಳನ್ನು ಬಚ್ಚಲಿಗೆ ಸಾಗಿಸಿ, ತಣ್ಣೀರಿನ ಬಕೆಟ್ಟಿಗೆ ನಾಲ್ಕು ಹನಿ ಸೋಪು ಬಿಟ್ಟು ಮುಳುಗಿಸಿದೆ. ಹತ್ತು ನಿಮಿಷದ ಲೆಕ್ಕ. ಅಷ್ಟರಲ್ಲಿ ಅಂಗಡಿಯ ಸಹೋದ್ಯೋಗಿಯ ಫೋನು ಬಂತು. ಬಿಯರನ್ನು ಹೇಗೆ ಮೂಸಬೇಕು ಎಂದು ಪಾಪ, ಅವನಾಗಿ ಕೇಳಿರಲಿಲ್ಲ. ಆದರೂ ಐವತ್ತು ನಿಮಿಷ ವಿವರಿಸಿದೆ.

ವಾಪಸು ಬಂದು ನೋಡಿದರೆ ಆರು ಲೇಬಲ್ಲುಗಳೂ ನೀರಿನ ಮೇಲೆ ಆರಾಮವಾಗಿ ತೇಲುತ್ತಿದ್ದವು. ಅಡಿಯಲ್ಲಿ ಆರು ಕಂದು ಬಾಟಲಿಗಳು ಯಾರು ಯಾರೆಂದೇ ತಿಳಿಯದಂತೆ ಮಲಗಿದ್ದವು.

ಬಚ್ಚಲ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಔಷಧಿ ಅಂಗಡಿಯ ಫಾರ್ಮಸಿಸ್ಟ್. ಸಕ್ಕರೆ ಡಬ್ಬಕ್ಕೂ ತಾರೀಖು ಬರೆದಿಡುವ ಜಾತಿ.

“ನಮ್ಮಲ್ಲಿ ಲೇಬಲ್ ಬಿದ್ದ ಬಾಟ್ಲಿನ ಏನ್ ಮಾಡ್ತೀವಿ ಗೊತ್ತಾ?” ಎಂದಳು.

“ಏನು?”

“ಯಾರ ಬಾಯಿಗೂ ಹೋಗದ ಹಾಗೆ ಎಸೀತೀವಿ.”

“ಅದು ಔಷಧಿ. ಇದು ಕಲೆ. ನನ್ನ ನಾಲಿಗೆಗೆ ಲೇಬಲ್ಲಿನ ಹಂಗಿಲ್ಲ,” ಎಂದೆ.

ಡಾಕ್ಟರ ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೇಳಲು ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿ, ಒಂದರಿಂದ ಆರರವರೆಗೆ ನಂಬರಿನ ಚೀಟಿ ಬರೆದು ಬಾಟಲಿಗಳಿಗೆ ಅಂಟಿಸಿ ಹೋದಳು.

ಯಜಮಾನರು ನಾಲ್ಕಕ್ಕೆ ಸರಿಯಾಗಿ ಬಂದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬೋಳು ಬಾಟಲಿಗಳನ್ನು ಕಂಡು ಹುಬ್ಬೇರಿಸಿದರು. ಲೇಬಲ್ಲುಗಳನ್ನು ನಾನೇ ಬೇಕೆಂದು ತೆಗೆದಿರುವೆನೆಂದೂ, ಹೆಸರು ಓದಿಕೊಂಡು ರುಚಿ ಹೇಳುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲವೆಂದೂ ಗಂಭೀರವಾಗಿ ತಿಳಿಸಿದೆ. ಅಡುಗೆಮನೆಯಲ್ಲಿ ಯಾರೋ ಕೆಮ್ಮಿದರು. ಯಜಮಾನರು ಮಾತ್ರ ಇಷ್ಟು ವರ್ಷಗಳಲ್ಲಿ ಇಂಥ ಅಭ್ಯರ್ಥಿಯನ್ನು ಕಂಡಿರಲಿಲ್ಲ ಎಂದು ಮೆಚ್ಚಿಕೊಂಡು ಕುರ್ಚಿ ಎಳೆದುಕೊಂಡರು. ಸಮಿತಿಯ ಕುರ್ಚಿ ಮುಕ್ಕಾಲು ಪಾಲು ನನ್ನದಾಗಿಹೋಯಿತು.

ಒಂದನೆಯದನ್ನು ಸುರಿದರೆ ಕಾಡಿಗೆಯಂತೆ ಕಪ್ಪು. “ಕಪ್ಪು ಬಿಯರ್” ಎಂದೆ. ಇದನ್ನು ಯಾರು ಬೇಕಾದರೂ ಹೇಳಬಹುದಿತ್ತು, ಆದರೆ ನಾನು ಹೇಳಿದ ಗತ್ತೇ ಬೇರೆ. ಎರಡನೆಯದು ಕೆಂಪು, ಅದರಲ್ಲಿ ಎಂಥದೋ ಹೊಗೆಯ ಛಾಯೆ. “ಕಾಡಿನ ಸಂಜೆಯ ಹೊಗೆ, ಧೀರ ಪ್ರಯೋಗ” ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಮೂರನೆಯದು ಹುಳಿ, ಮುಖ ತಾನಾಗಿಯೇ ಹೇಳಿತು. ಯಜಮಾನರು ಮೂರಕ್ಕೂ ತಲೆಯಾಡಿಸಿದರು.

ನಾಲ್ಕನೆಯದರ ಮುಚ್ಚಳ ತೆಗೆದಾಗ ಸದ್ದೇ ಆಗಲಿಲ್ಲ. ನೊರೆ ಇಲ್ಲ. ಗುಳ್ಳೆ ಇಲ್ಲ. ಮಸುಕು ಬಿಳಿ, ನನ್ನ ಹದಿನೇಳರಲ್ಲಿ ಹನ್ನೆರಡನೆಯ ಬಿಳಿ. ಬೇರೆ ಯಾರಾದರೂ ಆಗಿದ್ದರೆ ಗಾಬರಿ ಬೀಳುತ್ತಿದ್ದರು. ನಾನು ಕಣ್ಣು ಮುಚ್ಚಿ ಹೊರಳಾಡಿಸಿದೆ. ಧಾನ್ಯ ಬೇಯುವ ಪರಿಮಳ. ಕಹಿ ಎಂಬುದು ಹೆಸರಿಗೂ ಇಲ್ಲ. ಇಷ್ಟು ಸಾಧುವಾದ ಬಿಯರನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ಇದು ಗೋಧಿ ಬಿಯರ್ ಎಂದು ಘೋಷಿಸಿದೆ. ಗುಳ್ಳೆಗಳ ಗದ್ದಲ ಬಿಟ್ಟು ಸನ್ಯಾಸ ತೆಗೆದುಕೊಂಡ ಬಿಯರ್ ಇದು, ಹತ್ತಕ್ಕೆ ಒಂಬತ್ತೂವರೆ, ಮುಂದಿನ ತಿಂಗಳು ಊರಿಗೆ ಊರೇ ಇದನ್ನು ಕುಡಿಯಬೇಕು ಎಂದು ಐದು ನಿಮಿಷ ಭಾಷಣ ಮಾಡಿದೆ.

ಯಜಮಾನರು ಒಂದು ಗುಟುಕು ಕುಡಿದರು. ಗ್ಲಾಸನ್ನು ಬೆಳಕಿಗೆ ಹಿಡಿದರು. ಇನ್ನೊಂದು ಗುಟುಕು ಕುಡಿದರು.

“ಇದನ್ನ ನಾನು ಮಾಡಿದ್ದು ಅಂತೀರಾ?” ಎಂದು ಮೆಲ್ಲಗೆ ಕೇಳಿದರು.

“ನೀವೇ ಮಾಡಿದ್ದು ಸರ್. ಸಂಕೋಚ ಬೇಡ.”

ಆಗ ಅತ್ತೆಯವರು ಕೈಯಲ್ಲಿ ಖಾಲಿ ಲೋಟ ಹಿಡಿದು ಬಂದರು. ನಡುವಿನ ಅಂತಸ್ತಿನಲ್ಲಿ ಜಾಗ ಸಾಲದೆ ತಮ್ಮ ಬಾರ್ಲಿ ನೀರಿನ ಬಾಟಲಿಯೊಂದನ್ನು ಕೆಳಗಿಟ್ಟಿದ್ದರಂತೆ, ಮಧ್ಯಾಹ್ನದಿಂದ ಹುಡುಕುತ್ತಿದ್ದಾರಂತೆ.

“ಅದ್ಯಾವ ಬಾಟ್ಲಿ ಅಮ್ಮ?” ಎಂದು ಹೆಂಡತಿ ಒಳಗಿನಿಂದ ಬಂದು ಕೇಳಿದಳು.

“ಗುರುವಾರ ಸಿಂಕ್ ಹತ್ರ ಖಾಲಿ ಬಿದ್ದಿತ್ತಲ್ಲ, ತಂತಿ ಮುಚ್ಚಳದ್ದು. ಚೆನ್ನಾಗಿದೆ ಅಂತ ಒಳಗಡೆ ತೊಳೆದು ತುಂಬಿಟ್ಟೆ.”

ಹೆಂಡತಿ ಬಾಟಲಿಗಳನ್ನು ನೋಡಿದಳು. ನನ್ನನ್ನು ನೋಡಿದಳು. “ಬಂದಿದ್ದು ಆರು. ಇವತ್ತಿಗೂ ಆರು. ಹಾಗಾದ್ರೆ ಗುರುವಾರ ಖಾಲಿಯಾಗಿದ್ದು ಯಾವುದು ರೀ?”

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬುಧವಾರ ಸಂಜೆ ಫ್ರಿಜ್ಜಿನ ಎದುರು ನಿಂತಾಗ ನನ್ನ ಶಿಸ್ತು ಸ್ವಲ್ಪ ಜಾರಿತ್ತು. ಒಂದೇ ಒಂದು ಬಾಟಲಿ, ತಣ್ಣಗಿದೆಯೋ ಇಲ್ಲವೋ ನೋಡೋಣವೆಂದು, ನಿಂತ ನಿಲುವಿನಲ್ಲೇ ಮುಗಿಸಿದ್ದೆ. ಅದು ಯೋಜನೆಯಲ್ಲಿ ಇರಲಿಲ್ಲವಾದ್ದರಿಂದ ನಡೆದೇ ಇಲ್ಲವೆಂದು ಮನಸ್ಸಿಗೆ ಒಪ್ಪಿಸಿಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಅಂದು ಕುಡಿದದ್ದೇ ಗೋಧಿ ಬಿಯರು. ಮೂರೇ ದಿನದಲ್ಲಿ ಬಾರ್ಲಿ ನೀರನ್ನು ಅದೇ ಗೋಧಿ ಬಿಯರೆಂದು ಗುರುತು ಹಿಡಿದ ನಾಲಿಗೆಯೂ ಇದೇ!

ಯಜಮಾನರು ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅತ್ತೆಯವರು ತಮ್ಮ ಬಾಟಲಿ ಎತ್ತಿಕೊಂಡು ಹೊರಟವರು ಮೇಜಿನ ಪಕ್ಕದಲ್ಲಿ ಗಕ್ಕನೆ ನಿಂತು ಮೂಗರಳಿಸಿದರು. ಬಗ್ಗಿ ಎರಡನೆಯ ಗ್ಲಾಸನ್ನು ಮೂಸಿದರು.

“ಇದು ತಳ ಹಿಡಿದಿದೆಯಲ್ಲಪ್ಪ,” ಎಂದರು ಯಜಮಾನರಿಗೆ. “ಕುದಿಯೋವಾಗ ಕೈಯಾಡಿಸೋದು ಬಿಟ್ಟು ಎಲ್ಲಿಗೆ ಹೋಗಿದ್ದೆ?”

ಯಜಮಾನರ ಮುಖ ಕೆಂಪಾಯಿತು. ಆ ದಿನ ಉರಿ ಹೆಚ್ಚಾಗಿ ಹಂಡೆಯ ತಳ ಹಿಡಿದದ್ದು ನಿಜವೆಂದೂ, ಬೇಕೆಂದೇ ಆ ಬಾಟಲಿಯನ್ನು ಆರರಲ್ಲಿ ಸೇರಿಸಿದ್ದಾಗಿಯೂ, ಈವರೆಗೆ ಒಂಬತ್ತು ಅಭ್ಯರ್ಥಿಗಳಲ್ಲಿ ಒಬ್ಬರೂ ಹಿಡಿದಿರಲಿಲ್ಲವೆಂದೂ ಒಪ್ಪಿಕೊಂಡರು. ನನ್ನ ನೋಟ್‌ಬುಕ್ಕು ಕಾಡಿನ ಸಂಜೆಯ ಹೊಗೆಯ ಪುಟಕ್ಕೇ ತೆರೆದು ಬಿದ್ದಿತ್ತು. ಮೊಣಕೈ ಇಟ್ಟು ಮುಚ್ಚಿಕೊಂಡೆ.

ಕುರ್ಚಿ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೇ? ನಾನು ಕುಡಿಯೋದಿಲ್ಲಪ್ಪ ಎಂದು ಅತ್ತೆಯವರು ಎಷ್ಟು ಹೇಳಿದರೂ ಯಜಮಾನರು ಬಿಡಲಿಲ್ಲ. ಮೂಸಿದರೆ ಸಾಕಂತೆ.

ನಾನು ಸೋತೆನೆಂದು ತಿಳಿಯಬೇಡಿ. ಕುರ್ಚಿ ನಮ್ಮ ಮನೆಗೇ ಬಂದಿದೆ, ಅದನ್ನು ಅತ್ತೆಯವರಿಂದ ನನಗೆ ಬದಲಾಯಿಸಿಕೊಳ್ಳುವುದು ಬರೀ ಮಾತಿನ ಕೆಲಸ. ಮೊದಲ ಸಭೆಗೆ ನಾನೇ ಗಾಡಿಯಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ, ನಿಮಗೆ ಈ ವಯಸ್ಸಿನಲ್ಲಿ ಯಾಕೆ ಇಷ್ಟು ಓಡಾಟ, ಬೇಕಾದರೆ ಈ ಭಾರ ನಾನು ಹೊರುತ್ತೇನೆ ಎಂದು ಅಳಿಯನಿಗೆ ಒಪ್ಪುವ ವಿನಯದಲ್ಲಿ ಹೇಳಿದೆ. ಅತ್ತೆಯವರು ಒಳ್ಳೆಯ ಮನಸ್ಸಿನವರು, ಖಂಡಿತ ಕೇಳ್ತೀನಿ ಎಂದರು. ನಾನು ಹೊರಗೆ ಗಾಡಿಯಲ್ಲೇ ಕೂತು ಕಾದೆ. ಒಂದೂವರೆ ಗಂಟೆಯ ಮೇಲೆ ಬಂದರು.

“ಕೇಳಿದ್ರಾ ಅತ್ತೆ?”

“ಕೇಳ್ದೆ. ನಾನು ಬಿಡ್ತೀನಿ, ನನ್ನ ಜಾಗದಲ್ಲಿ ನಮ್ಮ ಅಳಿಯಂದ್ರು ಬರ್ತಾರೆ ಅಂದೆ.”

“ಏನಂದ್ರು?”

“ಏನೂ ಅನ್ನಲಿಲ್ಲ,” ಎಂದರು ಅತ್ತೆ. “ಯಜಮಾನರು ಎದ್ದು ಹೋಗಿ, ಬಾಗಿಲಿಗೆ ಚಿಲಕ ಹಾಕ್ಕೊಂಡು ಬಂದ್ರು.”