ಗೇಣಿಗೊಂದು ಬೆರಳಿನ ಮೋಟಾರು

ನಿಜಾಮರ ರಾಜ್ಯದಲ್ಲಿ ನಿಜಾಮರನ್ನು ಬಿಟ್ಟರೆ ಅತಿ ಹೆಚ್ಚು ಮೋಟಾರುಗಳು ಇದ್ದದ್ದು ನನ್ನ ಮೈದುನನ ಹತ್ತಿರ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ! ಕಲಬುರಗಿಯ ದೊಡ್ಡ ದೊಡ್ಡ ಸಾಹುಕಾರರು ಒಂದು ಟಾಂಗಾ ಇಟ್ಟುಕೊಂಡು ಮೆರೆಯುತ್ತಿದ್ದ ಕಾಲದಲ್ಲಿ ಶಹಾಬಜಾರದ ನಮ್ಮ ಮನೆಯ ಅಟ್ಟದ ತುಂಬ ಮೋಟಾರುಗಳು, ಲಾರಿಗಳು. ಹೊಗೆಯಿಲ್ಲ, ಧೂಳಿಲ್ಲ, ಪೆಟ್ರೋಲು ಬೇಕಿಲ್ಲ. ಇದ್ದ ಕೊರತೆ ಒಂದೇ. ಯಾವುದರಲ್ಲೂ ಬೆಕ್ಕಿಗಿಂತ ದೊಡ್ಡ ಪ್ರಾಣಿ ಕೂರುವಂತಿರಲಿಲ್ಲ. ಬೆಕ್ಕು ಮಾತ್ರ ಕೂತಿತ್ತು. ಕೂತದ್ದಷ್ಟೇ ಅಲ್ಲ, ಲಾರಿಯೊಂದರಲ್ಲಿ ಮರಿಯನ್ನೂ ಹಾಕಿತ್ತು. ಆ ಲಾರಿ ತಿರುಗಿ ಕೈಗೆ ಸಿಗುವವರೆಗೆ ಈ ಮಹಾಶಯ ನೆಟ್ಟಗೆ ಊಟ ಮಾಡಲಿಲ್ಲ.

ಇವನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೆಂಟರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಅವನೇನೂ ಬರುತ್ತಿರಲಿಲ್ಲ ಬಿಡಿ. "ಬೇಕಾದ್ದು ಬರ್ಕೋರಿ ವೈನಿ, ಅಳತಿ ಒಂದು ಸರಿ ಬರೀರಿ" ಎನ್ನುತ್ತಿದ್ದನೇನೋ. ನನ್ನ ಗಂಡನ ತಮ್ಮ. ನಾನು ಕಮಲಾಪುರದಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಆಗಷ್ಟೇ ಮೀಸೆ ಬಂದಿತ್ತು. ಮೀಸೆಯ ಜೊತೆಗೆ ಬುದ್ಧಿಯೂ ಬರುತ್ತದೆ ಎಂದು ಮನೆಯವರೆಲ್ಲ ಕಾಯುತ್ತಿದ್ದರು. ಬಂದದ್ದು ಮೋಟಾರಿನ ಹುಚ್ಚು.

ಆ ಹುಚ್ಚಿಗೊಂದು ಲೆಕ್ಕವೂ ಇತ್ತು. ಹನ್ನೆರಡು ಬೆರಳು ಕೂಡಿದರೆ ಒಂದು ಗೇಣು ತಾನೆ? ನಿಜವಾದ ಮೋಟಾರಿನಲ್ಲಿ ಒಂದು ಗೇಣು ಇದ್ದದ್ದು ಇವನ ಮೋಟಾರಿನಲ್ಲಿ ಒಂದು ಬೆರಳು ಇರಬೇಕು. ಗೇಣಿಗೊಂದು ಬೆರಳು! ಅದಕ್ಕೆ ಒಂದು ಎಳ್ಳಿನಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ನಿಯತ್ತನ್ನು ಅಂಗಡಿಯ ತಕ್ಕಡಿಯಲ್ಲಿ ತೋರಿಸಿದ್ದರೆ ನಮ್ಮ ತೊಗರಿ ವ್ಯಾಪಾರ ಹೈದರಾಬಾದಿನವರೆಗೆ ಹೆಸರು ಮಾಡುತ್ತಿತ್ತು. ಇವನೋ, ಗಿರಾಕಿ ಎದುರಿಗೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದರೂ ರಸ್ತೆಯಲ್ಲಿ ಮೋಟಾರಿನ ಸದ್ದು ಕೇಳಿದರೆ ತೂಕದ ಕಲ್ಲು ಕೈಯಲ್ಲೇ ಹಿಡಿದು ಓಡುತ್ತಿದ್ದ.

ಈ ಮೋಟಾರುಗಳೇನು ಗಾಳಿಯಿಂದ ಆಗುತ್ತಿದ್ದವೆ? ಮನೆಯ ಸಾಮಾನುಗಳಿಂದ ಆಗುತ್ತಿದ್ದವು. ಹೆಚ್ಚಾಗಿ ನನ್ನ ಸಾಮಾನುಗಳಿಂದ. ಮಾವನವರ ಕೊಡೆಯ ಕಡ್ಡಿಗಳು ಗಾಲಿಯ ಅಚ್ಚುಗಳಾದವು. ನನ್ನ ಗಂಡನ ಚಪ್ಪಲಿಯ ಅಟ್ಟೆ ಟಾಯರುಗಳಾಯಿತು. ನನ್ನ ಕುಂಕುಮದ ಭರಣಿಯ ಮುಚ್ಚಳ ಒಂದು ಬೆಳಿಗ್ಗೆ ಮಾಯವಾಗಿ, ಸಂಜೆ ಮೋಟಾರೊಂದರ ದೀಪವಾಗಿ ಮಿರಮಿರ ಮಿಂಚುತ್ತಿತ್ತು. ಮದುವೆಯಲ್ಲಿ ಅವ್ವ ಕೊಟ್ಟ ಭರಣಿ ಅದು! ನನ್ನ ಮೈ ಉರಿಯಿತು.

"ಕೇಳಿ ತಗೊಳ್ಳಾಕ ಬಾಯಿ ಬಿದ್ದಿತ್ತೇನು ತಮ್ಮಾ?" ಎಂದೆ.

"ಕೇಳಿದ್ರ ನೀವು ಕೊಡ್ತಿದ್ದಿಲ್ರೀ ವೈನಿ."

"ಮತ್ತ ಯಾಕ ತಗೊಂಡಿ?"

"ಕೊಡ್ತಿದ್ದಿಲ್ಲ ಅಂತಾನೇ ಕೇಳಲಿಲ್ಲ" ಎಂದು, ದೊಡ್ಡ ನ್ಯಾಯ ಹೇಳಿದವನ ಮುಖ ಮಾಡಿದ. ಇಂಥವನ ಜೊತೆ ಜಗಳವಾಡುವುದು ಹೇಗೆ, ನೀವೇ ಹೇಳಿ?

ಒಮ್ಮೆ ಒಬ್ಬ ದೊಡ್ಡ ಸಾಹೇಬರು ಹೊಸ ಮೋಟಾರಿನಲ್ಲಿ ಪೇಟೆಗೆ ಬಂದರು. ಸಾಹೇಬರು ಅತ್ತ ಇಳಿದು ಹೋದದ್ದೇ ತಡ, ನನ್ನ ಮೈದುನ ಇತ್ತ ಮೊಣಕಾಲೂರಿ ಗೇಣು ಹಾಕುತ್ತ ಹೊರಟ. ಮುಂದಿನ ದೀಪದಿಂದ ಹಿಂದಿನ ಗಾಲಿಯವರೆಗೆ, ಗಾಲಿಯಿಂದ ನೆಲದವರೆಗೆ. ಆಮೇಲೆ ಅಡಿಯಲ್ಲೂ ನುಸುಳಿದ. ಸಾಹೇಬರ ಡ್ರೈವರು ಬಂದು ನೋಡಿದರೆ ಮೋಟಾರಿನ ಕೆಳಗಿನಿಂದ ಎರಡು ಕಾಲು! "ಕ್ಯಾ ಜೀ, ಗಾಡಿಕು ಶೇರವಾನಿ ಸಿಲಾತೇ ಕ್ಯಾ?" ಎಂದನಂತೆ. ಗಾಡಿಗೆ ಶೇರವಾನಿ ಹೊಲಿಸುತ್ತೀಯೇನು ಎಂದು ಬೈದದ್ದು ಅದು. ಬೈಗುಳವೆಂದು ಇವನಿಗೆ ತಿಳಿದರಲ್ಲವೆ? "ಬ್ಯಾಡ್ರೀ, ಅಳತಿ ಅಷ್ಟೇ ಸಾಕು" ಎಂದು ಅಡಿಯಿಂದಲೇ ಜವಾಬು ಕೊಟ್ಟ. ಕಾಲು ಹಿಡಿದು ಎಳೆದು ಹಾಕಿದರು. ಮನೆಗೆ ಬಂದವನ ಅಂಗಿ ಹರಿದಿತ್ತು, ಮೊಣಕೈ ತರಚಿತ್ತು. ಅವನ ದುಃಖವೆಲ್ಲ ಹಿಂದಿನ ಬಾಗಿಲಿನ ಅಗಲ ತಪ್ಪಿಹೋಯಿತಲ್ಲ ಎಂದು.

ಕನ್ಯೆ ನೋಡಲು ಕರೆದುಕೊಂಡು ಹೋದದ್ದೂ ಆಯಿತು. ಆ ಮನೆಯ ಮುಂದೆ ಯಾರದೋ ಮೋಟಾರು ನಿಂತಿರಬೇಕೆ? ನಮ್ಮೆಲ್ಲರ ಹಣೆಬರಹ! ಹುಡುಗಿ ಅವಲಕ್ಕಿ ತಂದಿಟ್ಟಳು, ಹಾಡು ಹೇಳಿದಳು, ಒಳಗೆ ಹೋದಳು. ಹ್ಯಾಂಗ ಅನಸ್ತಪ್ಪಾ ಎಂದು ಮಾವನವರು ಕೇಳಿದರೆ, ಕಿಟಕಿಯಿಂದ ಕಣ್ಣು ಕೀಳದೆ "ಚಂದ ಅದ, ಆದ್ರ ಹಿಂದಿನ ಗಾಲಿ ಸ್ವಲ್ಪ ಸೊಟ್ಟ ಅದ" ಎಂದ. ಹುಡುಗಿಯ ತಂದೆ ನಮಗೆ ಚಪ್ಪಲಿ ಹಾಕಿಕೊಳ್ಳಲು ಪುರಸೊತ್ತು ಕೊಟ್ಟದ್ದೇ ದೊಡ್ಡದು.

ಮಹಾನವಮಿಯ ಖಂಡೆಪೂಜೆಯ ದಿನವಂತೂ ಕೇಳಬೇಡಿ. ತಕ್ಕಡಿ, ಸೇರು, ಕುಡುಗೋಲುಗಳನ್ನೆಲ್ಲ ಮೂಲೆಗೆ ಸರಿಸಿ ಇವನ ಮೋಟಾರುಗಳು ದೇವರ ಮುಂದೆ ಸಾಲಾಗಿ ನಿಂತವು. ಹೋಗಲಿ ಪಾಪ ಎಂದು ಅತ್ತೆಯವರು ಗಾಲಿಗೆ ಇಡಲು ನಿಂಬೆಹಣ್ಣು ಕೊಟ್ಟರು. ಇವನು ಮುಟ್ಟಲಿಲ್ಲ.

"ಯವ್ವಾ, ಈ ಗಾಡಿಗೆ ಇಷ್ಟು ದೊಡ್ಡ ಹಣ್ಣು ಇಟ್ರ, ನಿಜವಾದ ಮೋಟಾರಿಗೆ ಕುಂಬಳಕಾಯಿಗಿಂತ ದೊಡ್ಡದು ಇಟ್ಟಂಗ ಆಗ್ತದ."

ಎದ್ದು ಅಡುಗೆಮನೆಗೆ ಹೋಗಿ, ನನ್ನ ಮಸಾಲೆ ಡಬ್ಬಿ ಕೆದಕಿ, ಒಂದು ಹಿಡಿ ಕರಿಮೆಣಸಿನ ಕಾಳು ತಂದು ಗಾಲಿಗೊಂದರಂತೆ ಇಟ್ಟ. ಹಾರನ್ನೂ ಅಳತೆಯಲ್ಲೇ ಇರಬೇಕೆಂದು ಬಾಯಿ ಹತ್ತಿರ ಕೈ ಹಿಡಿದು ಪಿಸುಮಾತಿನಲ್ಲಿ "ಪೋಂ" ಎಂದ. ಊಟಕ್ಕೆ ಕೂತಾಗ ಎಲ್ಲರ ತಾಟಿಗೂ ಹೋಳಿಗೆ ಬಿತ್ತು. ಇವನ ತಾಟಿಗೆ ಹೋಳಿಗೆಯ ಒಂದು ಚೂರು. "ಗಾಡಿಗೆ ಹನ್ನೆರಡರಾಗ ಒಂದು ಪಾಲು ಅಂದ್ರ, ಗಾಡಿ ಮಾಡಿದವಗೂ ಹನ್ನೆರಡರಾಗ ಒಂದು ಪಾಲು" ಎಂದರು ಅತ್ತೆ. ನನಗೆ ಆ ದಿನದ ಊಟ ಬಹಳ ರುಚಿಯಾಗಿತ್ತು.

ಇಷ್ಟನ್ನೆಲ್ಲ ನಾನು ಸಹಿಸಿದೆ. ಸಹಿಸಲಾರದ್ದು ಮುಂದೆ ನಡೆಯಿತು.

ಕಮಲಾಪುರದಿಂದ ಕೆಂಪು ಬಾಳೆಹಣ್ಣು ಹೇರಿಕೊಂಡು ಬರುವ ಗಾಡಿಯವನೊಬ್ಬ ನಮ್ಮ ಬಾಗಿಲಲ್ಲಿ ನಿಂತು ನನ್ನ ತವರಿನ ಸುದ್ದಿ ಹೇಳಿ ಹೋಗುತ್ತಿದ್ದ. ಆ ದಿನ ಅವನು ತಲೆ ತಗ್ಗಿಸಿಕೊಂಡೇ ಹೇಳಿದ.

"ತಂಗೀ, ನಿಮ್ಮವ್ವನ ಒಂದು ಕಣ್ಣು ಪೂರಾ ಹೋಗ್ಯದ. ಇನ್ನೊಂದಕ್ಕೂ ಪೊರಿ ಬರಾಕತ್ತದ. ಕಣ್ಣಿರೂದರಾಗ ಮಗಳ ಮಾರಿ ಒಮ್ಮೆ ನೋಡಬೇಕು ಅಂತಾಳ."

ಎತ್ತಿನ ಗಾಡಿಯಲ್ಲಿ ಹೋಗೋಣವೆಂದರೆ ತೊಗರಿ ರಾಶಿಯ ಕಾಲ, ಎತ್ತುಗಳೆಲ್ಲ ಹೊಲದಲ್ಲಿ. ರಾಶಿ ಮುಗಿಯುವವರೆಗೆ ಅವ್ವನ ಕಣ್ಣು ಕಾಯುತ್ತದೆಯೆ? ಕಮಲಾಪುರಕ್ಕೆ ಮೋಟಾರು ಹೊಸದಾಗಿ ಓಡಲು ಶುರುವಾಗಿತ್ತು. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತವರು. ಆದರೆ ಮೋಟಾರೆಂದರೆ ಅತ್ತೆಯವರಿಗೆ ಆಗದು. ಯಾರೋ ಹೆಣ್ಣುಮಗಳು ಮೋಟಾರಿನಿಂದ ಜಾರಿ ಬಿದ್ದಳೆಂದು ಎಲ್ಲೋ ಕೇಳಿದ್ದರು. "ನಮ್ಮ ಮನಿ ಹೆಣ್ಮಕ್ಕಳು ಅದರಾಗ ಕಾಲಿಡೂದಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನನ್ನ ಗಂಡನನ್ನು ಕೇಳಿದರೆ "ಅವ್ವ ಹೂಂ ಅಂದ್ರ ಹೋಗು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಉಳಿದವನು ಯಾರು? ಮೋಟಾರಿನ ಪಂಡಿತ! ಅವನೊಬ್ಬ ಬಾಯಿಬಿಟ್ಟು, ಮೋಟಾರಿಗೆ ಅಂಜಬೇಡ ಎಂದು ತಾಯಿಗೆ ಹೇಳಿದ್ದರೆ ಸಾಕಿತ್ತು. ಬೇಡಿಕೊಂಡೆ. ಕೇಳಿಸಿಕೊಂಡು, ಮೀಸೆ ತಿರುವಿ, "ಬಾಯಿಲೆ ಹೇಳಿದ್ರ ಅವ್ವ ಕೇಳೂದಿಲ್ರೀ ವೈನಿ. ಕಮಲಾಪುರದ ಮೋಟಾರೇ ಮಾಡಿ ಮುಂದ ಇಡ್ತೇನಿ" ಎಂದ.

ಮಾಡಿದ, ಮಾಡಿದ, ಮಾಡುತ್ತಲೇ ಇದ್ದ. ಇಂದು ಅಳತೆ ತಪ್ಪಿತು, ನಾಳೆ ಅಂಟು ಒಣಗಲಿಲ್ಲ. ಗಾಡಿಯವನು ಬಂದಾಗಲೆಲ್ಲ ಅವ್ವನ ಕಣ್ಣು ಇನ್ನಷ್ಟು ಮಸುಕಾಗಿರುವ ಸುದ್ದಿ. ಇಲ್ಲಿ ಇವನು ಮೋಟಾರಿನ ಮೂತಿಗೆ ಬಣ್ಣ ಬಳಿಯುತ್ತ ಕೂತಿದ್ದಾನೆ! ನಾನು ಅಟ್ಟದ ಕೆಳಗೆ ನಿಂತು ಬೈಯುತ್ತಿದ್ದೆ, ಅವನು ಮೇಲಿನಿಂದ "ಆತ್ರೀ ವೈನಿ, ಆತು" ಎನ್ನುತ್ತಿದ್ದ.

ಕೊನೆಗೂ ಆಯಿತು. ಮೊಳಕ್ಕಿಂತ ಉದ್ದನೆಯ ಮೋಟಾರನ್ನು ತಂದು ಪಡಸಾಲೆಯಲ್ಲಿ ತಾಯಿಯ ಮುಂದೆ ಇಟ್ಟ. ಚೆಂದವಿರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಅತ್ತೆಯವರು ಸೆರಗು ಸರಿಪಡಿಸಿಕೊಂಡು ವಿಚಾರಣೆಗೆ ಕೂತರು.

"ಹೆಣ್ಮಕ್ಕಳು ಎಲ್ಲಿ ಕೂಡ್ತಾರ?"

"ಇಲ್ಲಿ ನೋಡು ಯವ್ವಾ, ಬ್ಯಾರೆ ಖಾನೆ ಅದ. ನಡುವ ಪರದಾ ಅದ."

"ಹತ್ತೂ ಮುಂದ ಸೀರಿ ಮ್ಯಾಲೆ ಆಗ್ತದೇನು?"

"ಇಲ್ಲ. ಮೆಟ್ಟಲ ಒಂದೇ ಗೇಣು ಎತ್ತರ ಅದ."

ಅತ್ತೆಯವರು ತಲೆಯಾಡಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ನಾನು, ಅವ್ವನಿಗೆ ಯಾವ ಉಂಡಿ ಕಟ್ಟಿಕೊಂಡು ಹೋಗಲಿ ಎಂದು ಯೋಚಿಸತೊಡಗಿದ್ದೆ. ಅಷ್ಟರಲ್ಲಿ ಅವರ ಬೆರಳು ಹೆಣ್ಣುಮಕ್ಕಳ ಖಾನೆಯ ಬಾಗಿಲ ಮೇಲೆ ನಿಂತಿತು.

"ಇದೇನಿದು, ದಾರ ಕಟ್ಟೀದಿ?"

"ಅದು ದಾರ ಅಲ್ಲ, ಹಗ್ಗ" ಎಂದ ನನ್ನ ಮೈದುನ, ಬಹಳ ಹೆಮ್ಮೆಯಿಂದ. "ಮೋಟಾರಿನ ಚಿಲಕ ಮುರದದ. ಅದಕ್ಕ ಬಾಗಲಾ ಹಗ್ಗದ್ಲೆ ಕಟ್ಯಾರ."

ಕೇಳಿದಿರಾ? ಅತ್ತೆಯವರು ಎದ್ದು ನಿಂತರು. "ಹಗ್ಗ ಕಟ್ಟಿದ ಬಾಗಲದಾಗ ನನ್ನ ಸೊಸಿನ್ನ ಕೂಡಸೂದಿಲ್ಲ" ಎಂದರು, ಒಳಗೆ ಹೋದರು. ಅವರದೇನು ತಪ್ಪು? ಸೊಸೆ ರಸ್ತೆಗೆ ಬೀಳಬಾರದೆಂದು ಅಂದ ಮಾತು. ನನ್ನ ಸಿಟ್ಟೆಲ್ಲ ಇವನ ಮೇಲೆ. ಒಂದು ಸೂಜಿ ಬಗ್ಗಿಸಿ ಸಿಕ್ಕಿಸಿದ್ದರೆ ಆ ಬಾಗಿಲಿಗೆ ಚಿಲಕವಾಗುತ್ತಿತ್ತು. ಇಡೀ ಲೋಕದಲ್ಲಿ ಮಗುವಿನ ಆಟಿಕೆಯಿಂದಲೂ ನಿಜ ಹೇಳಿಸುವವನು ಇವನೊಬ್ಬನೇ ಇರಬೇಕು, ಅವನೂ ನನ್ನ ಪಾಲಿಗೇ ಬರಬೇಕೆ?

"ಒಂದು ಸುಳ್ಳು ಚಿಲಕ ಹಚ್ಚಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಎಂದೆ. ಅಳು ಬಂದಿತ್ತು.

ಅವನ ಮುಖ ಸಣ್ಣದಾಯಿತು. "ಇಲ್ಲದ ಚಿಲಕ ಹ್ಯಾಂಗ ಹಚ್ಲಿ ವೈನಿ? ಆಮ್ಯಾಲ ಅದು ಕಮಲಾಪುರದ ಮೋಟಾರ ಹ್ಯಾಂಗ ಆಗ್ತದ?"

ನಾನು ಮಾತು ಬಿಟ್ಟೆ. ತಾಟು ಅವನ ಮುಂದೆ ಇಡುತ್ತಿರಲಿಲ್ಲ, ಸರಿಸುತ್ತಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಅಟ್ಟದಲ್ಲಿ ಅವನಿಲ್ಲ, ಅವನ ಸುತ್ತಿಗೆ ಅರಗಳ ಚೀಲವೂ ಇಲ್ಲ. ಎಲ್ಲಿಗೆ ಹೋಗಿದ್ದಾನೆ? ಕಮಲಾಪುರಕ್ಕೆ! ಅದೇ ಮೋಟಾರಿನಲ್ಲಿ! ನನ್ನ ತವರಿಗೆ ನಾನು ಹೋಗುವಂತಿಲ್ಲ, ಇವನು ಹೋಗಿ ಗೇಣು ಹಾಕಿ ಬರುತ್ತಾನೆ. ಸಂಜೆ ಎಣ್ಣೆ ಮೆತ್ತಿದ ಕೈಯಲ್ಲಿ ಬಂದ. ಮಾತು ಬಿಟ್ಟದ್ದನ್ನು ಮರೆತು ಕೇಳಿಯೇ ಬಿಟ್ಟೆ.

"ನಮ್ಮವ್ವನ್ನ ನೋಡಿ ಬಂದ್ಯೇನು?"

"ಇಲ್ರೀ ವೈನಿ. ಮೋಟಾರ ಹಂತ್ಯಾಕೇ ಇದ್ದೆ, ಹೊತ್ತೇ ಸಿಗಲಿಲ್ಲ."

ಕೂಗಳತೆಯಲ್ಲಿ ನನ್ನ ಅವ್ವನ ಮನೆ! ಆ ಸಂಜೆ ನಾನು ಅವನಿಗೆ ಏನೇನು ಅಂದೆನೆಂದು ಇಲ್ಲಿ ಬರೆಯುವುದಿಲ್ಲ. ಅವನು ಕೇಳಿಸಿಕೊಂಡು ಅಟ್ಟ ಹತ್ತಿದ.

ಒಂದೆರಡು ದಿನ ಕಳೆದು ಅದೇ ಮೋಟಾರು ಮತ್ತೆ ಅತ್ತೆಯವರ ಮುಂದೆ ಬಂದು ನಿಂತಿತು. ಬಾಗಿಲಲ್ಲಿ ಹಗ್ಗವಿಲ್ಲ. ಅಕ್ಕಿಕಾಳಿನಷ್ಟು ಹಿತ್ತಾಳೆಯ ಚಿಲಕ.

"ಹಗ್ಗ ಎಲ್ಲಿ ಹೋತು?" ಎಂದರು ಅತ್ತೆ.

"ಮೋಟಾರಿಗೆ ಈಗ ಹಗ್ಗ ಇಲ್ಲ ಯವ್ವಾ. ಚಿಲಕ ಅದ."

ಅತ್ತೆಯವರು ಉಗುರಿನಿಂದ ಚಿಲಕ ತೆಗೆದರು, ಹಾಕಿದರು, ಬಾಗಿಲು ಜಗ್ಗಿದರು. ಮಗನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವಗ ಬ್ಯಾರೆ ಏನೂ ಬರೂದಿಲ್ಲ, ಮೋಟಾರಿನ ಮಾತಿನಾಗ ಸುಳ್ಳು ಹೇಳಾಕೂ ಬರೂದಿಲ್ಲ. ಹೋಗಿ ಬಾ ತಂಗಿ, ಇವನ್ನ ಕರಕೊಂಡು ಹೋಗು" ಎಂದರು.

ಮೋಟಾರಿನವರು ಕೊನೆಗೂ ಚಿಲಕ ಹಾಕಿಸಿದರಲ್ಲ ಎಂದು ಅವರನ್ನು ಹರಸುತ್ತಲೇ ಹತ್ತಿದೆ. ಪರದೆಯ ಆಚೆಯಿಂದ ಮುದುಕ ಡ್ರೈವರು ಕೂಗಿ ಹೇಳಿದ. "ಅಮ್ಮಾ, ಬಾಗಲಾ ಹಾಕ್ಕೋರಿ, ಚಿಲಕ ಗಟ್ಟಿ ಅದ. ನಿಮ್ಮ ಮೈದುನಾನೇ ಹಚ್ಯಾನ. ಕಮಲಾಪುರದಾಗ ಗಾಡಿ ನಿಂತಾಗ ಉಣ್ಣದ ತಿನ್ನದ ಅರ ತಿಕ್ಕಿ ತಿಕ್ಕಿ ಮಾಡ್ಯಾನ. ಯಾಕೋ ಭಾಯಿ ಅಂದ್ರ, ಮನ್ಯಾಗಿನ ಗಾಡಿಗೆ ಚಿಲಕ ಬೇಕಾಗ್ಯದ, ಅದಕ್ಕ ಮೊದಲು ಇದಕ್ಕ ಹಚ್ಚಬೇಕು ಅಂದ."

ಸುಳ್ಳು ಚಿಲಕ ಹಚ್ಚಲು ಬಾರದವನು ನಿಜವಾದ ಮೋಟಾರನ್ನೇ ರಿಪೇರಿ ಮಾಡಿ ಬಂದಿದ್ದ. ನನ್ನ ಬೈಗುಳ ತಿನ್ನುತ್ತ ನಿಂತಾಗಲಾದರೂ ಬಾಯಿಬಿಟ್ಟು ಹೇಳಬಾರದಿತ್ತೆ? ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಕಮಲಾಪುರದಲ್ಲಿ ಇಳಿದು ನಾನು ಮನೆಗೆ ಓಡಿದೆ. ಅವನು ಮೋಟಾರಿನ ಅಡಿಗೆ ನುಸುಳಿದ. ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ದನಿ ಕೇಳಿ ಗುರುತು ಹಿಡಿದು, ನನ್ನ ಗದ್ದಕ್ಕೆ ಕೈ ಹಚ್ಚಿ, "ಬಿಸಲಿಗೆ ತಿರುಗು" ಎಂದಳು. ತಿರುಗಿದೆ. ಉಳಿದ ಒಂದು ಕಣ್ಣನ್ನು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಸೊರಗೀಯಲ್ಲ" ಎಂದಳು. ಆಮೇಲೆ ನಕ್ಕಳು.

ಮುಂದಿನ ಮಳೆಗಾಲಕ್ಕೆ ಆ ಕಣ್ಣೂ ಹೋಯಿತು. ಅವ್ವ ಅದಾದ ಮೇಲೂ ಬಹಳ ವರ್ಷ ಬದುಕಿದಳು. ನನ್ನ ತಲೆ ನೆರೆಯಿತು, ಹಲ್ಲು ಬಿದ್ದವು, ಅವಳಿಗೆ ಅದೊಂದೂ ಗೊತ್ತಾಗಲಿಲ್ಲ. ನಾನು ಕಡೆಯವರೆಗೂ ಅವಳಿಗೆ ಅಂದು ಬಿಸಿಲಿಗೆ ತಿರುಗಿ ನಿಂತ ಹುಡುಗಿ. ಅವ್ವ ಕಣ್ಣಾರೆ ನೋಡಿದ ನನ್ನ ಕೊನೆಯ ಮುಖ ಅದು. ಅದನ್ನು ಅವಳಿಗೆ ತೋರಿಸಿದವನು ನನ್ನ ಮೈದುನ.